ಲಸಿಕೆಯ ಫ್ರಿಜ್‌ನಲ್ಲಿ ಮೊಸರಿನ ಗಡಿಗೆ

ಫೋನ್ ಮಾಡಲೇ, ಬೇಡವೇ? ನಾಡಿದ್ದು ಲಸಿಕೆಯ ದಿನ, ಕೂಸುಗಳು ಬರುತ್ತವೆ. ಮಾಡಿದರೆ ಡಾಕ್ಟರು ತನ್ನನ್ನು ದೂರದೂರಿಗೆ ವರ್ಗ ಮಾಡಿಸಬಹುದು. ಮಗಳ ಶಾಲೆ ಇಲ್ಲೇ ಇದೆ.

ಹೀಗೆ ಯೋಚಿಸುತ್ತ ನರ್ಸ್ ಕಸ್ತೂರಿ ನನ್ನ ಮುಚ್ಚಳದ ಮೇಲೆ ಮೊಣಕೈ ಊರಿ ನಿಂತಿದ್ದಳು. ಅದು ನನಗೆ ಹೇಗೆ ತಿಳಿಯಿತೆಂದು ಕೇಳಬೇಡಿ. ಮೈಮೇಲೆ ಒರಗಿದವರ ಮನಸ್ಸು ನಮಗೆ ತಿಳಿಯುತ್ತದೆ.

ನಾನು ಲಸಿಕೆ ಇಡುವ ಫ್ರಿಜ್. ಎರಡರಿಂದ ಎಂಟು ಡಿಗ್ರಿಯೊಳಗೆ ತಣ್ಣಗಿರು ಎಂದು ಕಾರ್ಖಾನೆಯಲ್ಲೇ ನನಗೆ ಕಲಿಸಿದ್ದರು. ಜಿಲ್ಲೆಯ ಉಗ್ರಾಣದಲ್ಲಿ ಒಂದು ಬೇಸಿಗೆ ಕಳೆದು, ಟೆಂಪೊ ಏರಿ, ಗದಗ ಕಡೆಯ ಈ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಬಂದೆ.

ಡಾಕ್ಟರ್ ಹೂಲಿಯವರ ಕೈಗುಣ ಒಳ್ಳೆಯದು. ಗುಣವಾದವರು ಗಡಿಗೆಯಲ್ಲಿ ಮೊಸರು ತರುತ್ತಿದ್ದರು. ಅದು ನೇರ ನನ್ನ ಹೊಟ್ಟೆಗೆ. ಮಧ್ಯಾಹ್ನ ರೊಟ್ಟಿಯ ಜೊತೆ ಎಲ್ಲರಿಗೂ ಪಾಲು, ಕಸ್ತೂರಿಗೂ. ಗಳಿಗೆಗೊಮ್ಮೆ ಮುಚ್ಚಳ ತೆರೆದರೆ ತಂಪು ಉಳಿಯುವುದೆಲ್ಲಿ? ತಂಪು ಹೋದರೆ ಲಸಿಕೆಯ ಶಕ್ತಿಯೂ ಹೋಗುತ್ತದೆ. ಕಸ್ತೂರಿ ಹೇಳಿ ನೋಡಿದ್ದಳು.

"ಒಂದು ಗಡಿಗಿಗೆ ಏನಾಕ್ಕತಿ, ಬಿಡವಾ" ಎಂದು ಡಾಕ್ಟರು ನಕ್ಕಿದ್ದರು.

ಕೊನೆಗೆ ಅವಳು ತಾಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಿದಳು. ಮರುದಿನ ಊಟದ ಹೊತ್ತಿಗೆ ಅವರ ಜೀಪು ಬಂದು ನಿಂತಿತು. ಏನೂ ತಿಳಿಯದ ಡಾಕ್ಟರು ತಾವೇ ನನ್ನ ಮುಚ್ಚಳ ತೆರೆದು, ಗಡಿಗೆ ಎತ್ತಿ ಹಿಡಿದರು.

"ಬರ್ರಿ ಸರ್, ಛಲೋ ಹೊತ್ತಿಗೆ ಬಂದೀರಿ! ತಣ್ಣನ್ನ ಮೊಸರೈತಿ!"

ಅಧಿಕಾರಿ ಗಡಿಗೆಯನ್ನೂ ನನ್ನೊಳಗಿನ ಥರ್ಮಾಮೀಟರನ್ನೂ ನೋಡಿದರು. ಹನ್ನೆರಡು ಡಿಗ್ರಿ! ಆ ಲಸಿಕೆಯನ್ನೆಲ್ಲ ತೆಗೆಸಿ ಹೊಸದು ತರಿಸಿದರು. ಹಿಂದೆ ಚುಚ್ಚಿಸಿಕೊಂಡ ಮಕ್ಕಳನ್ನೂ ಮತ್ತೆ ಕರೆಸಲು ಹೇಳಿದರು. ಡಾಕ್ಟರಿಗೆ ನೋಟಿಸು ಬಂತು.

"ಯಾರು ಹೇಳಿದ್ದು?" ಡಾಕ್ಟರು ಕೇಳಿದರು. ಜವಾನ ಫಕ್ಕೀರಪ್ಪ ಗಾಬರಿಯಲ್ಲಿ ನನ್ನ ಹಿಂದೆ ಸರಿದ.

"ನಾನ ಹೇಳೀನ್ರಿ ಸರ್" ಎಂದಳು ಕಸ್ತೂರಿ.

"ನನ್ನ ಮೊಸರು ಉಂಡು ನನ್ನ ಮ್ಯಾಲೇ ದೂರೇನವಾ?"

"ಮೊಸರು ಭಾಳ ಛಲೋ ಇತ್ರಿ ಸರ್. ಇಟ್ಟ ಜಾಗಾ ಛಲೋ ಇರಲಿಲ್ಲ."

ಫಕ್ಕೀರಪ್ಪ ಕಿಸಕ್ಕನೆ ನಕ್ಕುಬಿಟ್ಟ. ಡಾಕ್ಟರು ಹೊರಗೆ ಹೋದರು.

ಅವಳಿಗೆ ವರ್ಗವಾಗಲಿಲ್ಲ. ಗಡಿಗೆ ನೀರಿನ ಹರವಿಯ ಪಕ್ಕಕ್ಕೆ ಹೋಯಿತು. ಡಾಕ್ಟರು ದಿನಾ ಬೆಳಿಗ್ಗೆ ಬಂದವರೇ ಮೊದಲು ನನ್ನ ಡಿಗ್ರಿ ನೋಡತೊಡಗಿದರು; ರೋಗಿಗಳ ನಾಡಿ ಆಮೇಲೆ.

ಈಗ ನನ್ನ ಮೋಟಾರು ನಿಂತಿದೆ. ಹಿಂದಿನ ಕೋಣೆಯಲ್ಲಿ ಹಳೆಯ ಪರದೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಖವಾಗಿದ್ದೇನೆ. ಆದರೂ ಡಾಕ್ಟರು, ಕಸ್ತೂರಿ ಇಬ್ಬರ ನಡುವೆ ಆಡದೆ ಉಳಿದ ಮಾತನ್ನು ಆಗಾಗ ನೆನೆಯುತ್ತೇನೆ. ತಮ್ಮ ನಿವೃತ್ತಿಯ ದಿನ ಡಾಕ್ಟರು ಕಸ್ತೂರಿಯ ಮಗಳ ಓದಿನ ಬಗ್ಗೆ ಕೇಳಿದರು, ಮಳೆಯ ಬಗ್ಗೆ ಮಾತಾಡಿದರು, ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನಿಂತರು.

ನೀನು ಮಾಡಿದ್ದು ಸರಿ ಎಂದು ಅವರು ಅವಳಿಗೆ ಎಂದೂ ಹೇಳಲಿಲ್ಲ.