ಕಟ್ಟಡ ಸಂಖ್ಯೆ ಮೂರು

ನನ್ನ ಅಪ್ಪ ಫಿಕ್ರಿ ಇಂಜಿನಿಯರ್. ನನ್ನ ಗಂಡ ವಗೀಹ್ ವಿಜ್ಞಾನಿ. ಇಬ್ಬರನ್ನೂ ಒಂದೇ ಮನೆಯಲ್ಲಿ ಹನ್ನೊಂದು ವರ್ಷ ಸಹಿಸಿಕೊಂಡವಳು ನಾನು. ಇಬ್ಬರ ಬಗ್ಗೆಯೂ ಮಾತಾಡುವ ಹಕ್ಕು ನನಗಿದೆ.

ಅಲೆಕ್ಸಾಂಡ್ರಿಯಾದಲ್ಲಿ ಇಂಜಿನಿಯರನ್ನು ಬರೀ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಬಾಷ್‌ಮುಹಂದಿಸ್ ಅನ್ನಬೇಕು, ದೊಡ್ಡ ಇಂಜಿನಿಯರೇ ಎಂದು. ಮೀನಿನವನು ಅಪ್ಪನನ್ನು ಹಾಗೆ ಕರೆಯುತ್ತಿದ್ದ, ಕ್ಷೌರದವನೂ ಹಾಗೇ. ಅಮ್ಮ ಕೂಡ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವ ಮುಂಚೆ ಹಾಗೇ ಕರೆದಳು. ಅಪ್ಪನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ವಗೀಹ್ ನನ್ನನ್ನು ಮದುವೆಗೆ ಕೇಳಲು ಬಂದ ದಿನ ಅಪ್ಪ ಅವನ ಮುಂದೆ ಕಾಫಿ ಇಟ್ಟು, ಮನೆತನ ಕೇಳಲಿಲ್ಲ, ಆರೋಗ್ಯ ಕೇಳಲಿಲ್ಲ.

"ಹನ್ನೆರಡನೇ ಕ್ಲಾಸಲ್ಲಿ ಎಷ್ಟು ಬಂದಿತ್ತು?" ಅಂದ.

"ತೊಂಬತ್ಮೂರೂವರೆ."

"ಆ ವರ್ಷ ಇಂಜಿನಿಯರಿಂಗ್‌ಗೆ ತೊಂಬತ್ತೈದು ಬೇಕಿತ್ತು. ಅದಕ್ಕೇ ನೀನು ವಿಜ್ಞಾನಕ್ಕೆ ಹೋದೆ."

"ಇಲ್ಲ ಮಾವ. ನಾನು ಭೂವಿಜ್ಞಾನವೇ ಬೇಕು ಅಂತ ಬರ್ಕೊಟ್ಟಿದ್ದೆ."

"ಎಲ್ಲರೂ ಹಾಗೇ ಹೇಳೋದಪ್ಪ."

ಮದುವೆಯಾಯಿತು. ಅಮ್ಮ ಆಗಲೇ ಇರಲಿಲ್ಲ, ಹಾಗಾಗಿ ಅಪ್ಪನೇ ಕಟ್ಟಿಸಿದ ಕಟ್ಟಡದ ಐದನೇ ಮಹಡಿಯಲ್ಲಿ ಮೂವರೂ ಒಟ್ಟಿಗೆ ಇದ್ದೆವು. ಕಡಲಿಗೆ ಮೂರನೇ ಬೀದಿ. ಪ್ರತಿ ಶುಕ್ರವಾರ ನಮಾಜು ಮುಗಿದು ಊಟಕ್ಕೆ ಕೂತರೆ ಸಾಕು, ಶುರುವಾಗುತ್ತಿತ್ತು.

"ಡಾಕ್ಟರೇ, ಮೊಣಕಾಲು ನೋಯ್ತಿದೆ, ಒಂದು ಮಾತ್ರೆ ಬರ್ಕೊಡಿ," ಅನ್ನುತ್ತಿದ್ದ ಅಪ್ಪ. "ಓ, ಮರೆತೆ. ನೀವು ಕಲ್ಲಿನ ಡಾಕ್ಟರಲ್ವಾ."

ವಗೀಹ್ ಮೀನಿನ ಮುಳ್ಳು ಬಿಡಿಸುತ್ತಲೇ ಉತ್ತರ ಕೊಡುತ್ತಿದ್ದ. ಅವನು ಯಾವತ್ತೂ ದನಿ ಏರಿಸಿದವನಲ್ಲ. "ನಿಮ್ಮ ಪುಸ್ತಕದ ಕೊನೇಲಿ ಒಂದು ಕೋಷ್ಟಕ ಇರುತ್ತಲ್ಲ ಮಾವ, ಯಾವ ಮಣ್ಣು ಎಷ್ಟು ಭಾರ ತಡೆಯುತ್ತೆ ಅಂತ. ಅದನ್ನ ಕಂಡುಹಿಡಿದವನು ಇಂಜಿನಿಯರಲ್ಲ. ನೀವು ಅದನ್ನ ನೋಡಿ ಗುಣಿಸ್ತೀರಿ. ದಿನಸಿ ಅಂಗಡಿಯವನೂ ಗುಣಿಸ್ತಾನೆ."

"ನಾನು ಗುಣಿಸಿದ್ದರ ಮೇಲೇ ಕೂತು ನೀನು ಮೀನು ತಿಂತಿರೋದು."

ಇದು ನಿಜವೇ. ಅಪ್ಪ ಗುಣಿಸಿದ್ದು ಎಂಟು ಮಹಡಿಗೆ, ನಗರಸಭೆ ಒಪ್ಪಿದ್ದೂ ಎಂಟಕ್ಕೆ. ಒಂದು ಬೇಸಿಗೆಯಲ್ಲಿ ಅಪ್ಪ ಯಾರನ್ನೂ ಕೇಳದೆ ಇನ್ನೆರಡು ಏರಿಸಿದ. ನಮ್ಮ ಬೀದಿಯಲ್ಲಿ ಎಲ್ಲರೂ ಏರಿಸಿದ್ದರು.

ನಮ್ಮ ಕಟ್ಟಡದ ಕಾವಲುಗಾರ ಜಾಬಿರ್ ದಕ್ಷಿಣದ ಸೊಹಾಗ್ ಕಡೆಯವನು. ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ನೆಲಮಾಳಿಗೆಯ ಕೋಣೆಯಲ್ಲಿದ್ದ. ಹೋದ ವರ್ಷ ಜನವರಿಯ ಬಿರುಗಾಳಿ ಕಳೆದ ಮೇಲೆ ಅವನು ಮೇಲೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.

"ಬಾಷ್‌ಮುಹಂದಿಸ್, ಕೆಳಗೆ ನೀರು ಬರ್ತಾ ಇದೆ. ಪೈಪು ಒಡೆದಿದೆ ಅಂದ್ಕೊಂಡಿದ್ದೆ. ನಾಲಿಗೆಗೆ ಹಚ್ಚಿ ನೋಡಿದ್ರೆ ಉಪ್ಪು."

"ಪೈಪಿನದೇ. ಒದ್ದೆಯಾದ ಕಡೆ ಗಾರೆ ಹಚ್ಚಿಸು," ಅಂದ ಅಪ್ಪ, ಪತ್ರಿಕೆಯಿಂದ ತಲೆ ಎತ್ತದೆ.

ವಗೀಹ್ ಮಾತ್ರ ತಕ್ಷಣ ಎದ್ದು ಅವನ ಹಿಂದೆ ಇಳಿದುಹೋದ. ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದ. ಅವತ್ತು ಅವನ ಮುಖದಲ್ಲಿದ್ದ ಸಂತೋಷ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ. "ಇದು ಪೈಪಿನ ನೀರಲ್ಲ, ಶಹೀರಾ. ಕಡಲು ಒಳಗೆ ಬರ್ತಾ ಇದೆ," ಅಂದ.

ಅಂದಿನಿಂದ ವಾರಕ್ಕೆರಡು ಸಲ ನೋಟ್‌ಬುಕ್ಕು, ಅಳತೆಯ ಸಲಕರಣೆ ಹಿಡಿದು ಇಳಿಯುತ್ತಿದ್ದ. ಗೋಡೆಯ ಬಿರುಕುಗಳಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದ. ಬಿರುಕು ಅಗಲವಾದರೆ ಗಾಜು ಒಡೆಯುತ್ತದಂತೆ. ಒಡೆದಾಗೆಲ್ಲ ತಾರೀಕು ಬರೆದುಕೊಂಡು ಹೊಸದು ಅಂಟಿಸುತ್ತಿದ್ದ. ಅಂತೂ ಇವನು ಮನೆಗೊಂದು ಉಪಯೋಗದ ಕೆಲಸ ಮಾಡುತ್ತಿದ್ದಾನೆ ಎಂದು ನಾನು ಹೆಮ್ಮೆಪಟ್ಟುಕೊಂಡು ಚಹಾ ಬೇರೆ ಒಯ್ದು ಕೊಟ್ಟೆ.

ಒಮ್ಮೆ ಕೇಳಿದೆ, "ಏನಾದ್ರೂ ಅಪಾಯ ಇದೆಯಾ?"

"ಅಪಾಯ ಅನ್ನೋದು ಗುತ್ತಿಗೆದಾರರ ಮಾತು. ನಾವು ಸಂಭವನೀಯತೆ ಅಂತೀವಿ."

"ಇದೆಯೋ ಇಲ್ಲವೋ ಹೇಳು."

"ಅಂಕಿಅಂಶ ಇನ್ನೂ ಸಾಲದು."

ಹದಿನಾಲ್ಕು ತಿಂಗಳು ಹೀಗೇ ಹೋಯಿತು. ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವನೇ ಒಂದು ಕಟ್ಟು ಹಾಳೆ ನನ್ನ ಕೈಗೆ ಕೊಟ್ಟ. ನಾನು ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅವನ ಲೇಖನಗಳ ಭಾಷೆ ತಿದ್ದುವುದು ನನ್ನ ಪಾಲಿನ ಬಿಟ್ಟಿ ಕೆಲಸ.

"ಭಾಷೆ ಮಾತ್ರ ನೋಡು. ವಿಷಯ ನಿನಗೆ ಅರ್ಥವಾಗಲ್ಲ," ಎಂದು ಹೇಳಿ ವಿಶ್ವವಿದ್ಯಾಲಯಕ್ಕೆ ಹೋದ.

ಅರ್ಥವಾಯಿತು. ಲೇಖನದಲ್ಲಿ ಐದು ಕಟ್ಟಡಗಳ ಪಟ್ಟಿಯಿತ್ತು. ಹೆಸರಿಲ್ಲ, ಸಂಖ್ಯೆ ಮಾತ್ರ. ಮೂರನೆಯದು ಕಡಲಿಂದ ಮೂರನೇ ಬೀದಿಯಲ್ಲಿತ್ತು, ಹತ್ತು ಮಹಡಿಯದಾಗಿತ್ತು. ನೆಲಮಾಳಿಗೆಯ ಏಳನೇ ಪಿಲ್ಲರಿನಲ್ಲಿ ನೂರಕ್ಕೆ ನಲವತ್ತೊಂದು ಪಾಲು ಕಬ್ಬಿಣ ತುಕ್ಕು ತಿಂದು ಹೋಗಿತ್ತು. ಪಟ್ಟಿಯ ಕೊನೆಯ ಅಂಕಣದಲ್ಲಿ 'ವಾಸ' ಎಂಬ ಶೀರ್ಷಿಕೆಯ ಕೆಳಗೆ 'ಇದೆ' ಎಂದಿತ್ತು. ಮುಂದಿನ ಪುಟದಲ್ಲಿ ಹೀಗೆ ಬರೆದಿದ್ದ: ಈ ಕಟ್ಟಡ ಕುಸಿಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ವೀಕ್ಷಣೆ ಮುಂದುವರಿಸುವುದು ಬಹಳ ಉಪಯುಕ್ತ. ಆ ವಾಕ್ಯದ ಅಲ್ಪವಿರಾಮ ತಪ್ಪಿತ್ತು. ಅದನ್ನು ತಿದ್ದಿದ ಮೇಲೆ ಪಟ್ಟಿಗೆ ಮರಳಿ ಮೂರನೇ ಸಾಲನ್ನು ಮತ್ತೊಮ್ಮೆ ಓದಿದೆ.

ವಗೀಹ್‌ಗೆ ಫೋನು ಮಾಡಿ ಕರೆಸಿದೆ. ಕೋಟು ಬಿಚ್ಚುವುದಕ್ಕೂ ಬಿಡಲಿಲ್ಲ.

"ಮೂರನೇ ನಂಬರ್ ಯಾವ ಕಟ್ಟಡ?"

"ಲೇಖನದಲ್ಲಿ ಹೆಸರು ಹೇಳೋ ಪದ್ಧತಿ ಇಲ್ಲ."

"ನಾವು ರಾತ್ರಿ ಮಲಗೋದು ಎಲ್ಲಿ, ವಗೀಹ್?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಮೂರನೇ ಚಳಿಗಾಲ ಕಳೀಲಿ, ಆಮೇಲೆ ಹೇಳೋಣ ಅಂತಿದ್ದೆ. ಎರಡು ಚಳಿಗಾಲದ ಲೆಕ್ಕ ಇಟ್ಕೊಂಡು ಬಾಯಿ ಬಿಟ್ರೆ ಅದು ವಿಜ್ಞಾನ ಅಲ್ಲ, ಕಣಿ ಹೇಳಿದ ಹಾಗೆ."

"ಜಾಬಿರನ ಮಕ್ಕಳು ಆ ಏಳನೇ ಪಿಲ್ಲರಿನ ಬುಡದಲ್ಲೇ ಮಲಗ್ತಾವೆ."

"ಹೇಳಿದ್ರೆ ನಿಮ್ಮಪ್ಪ ಕೇಳ್ತಿದ್ರಾ?"

ಅವನ ಹೆಂಡತಿ ಕೇಳುತ್ತಿದ್ದಳು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ನಾನು ಹಾಳೆ ಹಿಡಿದು ಬಾಲ್ಕನಿಗೆ ಹೋದೆ. ಅಪ್ಪ ಕಿತ್ತಳೆ ಸುಲಿಯುತ್ತಿದ್ದ. ಪಟ್ಟಿ ಓದಿ ನಕ್ಕ.

"ನಲವತ್ತೊಂದಂತೆ. ನಲವತ್ತಲ್ಲ, ನಲವತ್ತೆರಡಲ್ಲ. ನಿನ್ನ ಗಂಡ ಪಿಲ್ಲರ್ ಒಡೆದು ಒಳಗೆ ಹೊಕ್ಕು ಬಂದಿದಾನಾ?"

"ನೀನು ನೋಡಿದೀಯಾ, ಅಪ್ಪ?"

"ನಾನು ಕಟ್ಟಿದ್ದು ನನಗೆ ಗೊತ್ತು."

"ಹಾಗಾದ್ರೆ ಸುತ್ತಿಗೆ ತಗೊಂಡು ಕೆಳಗೆ ಬಾ."

ನಾನು ಅಪ್ಪನಿಗೆ ಹಾಗೆ ಮಾತಾಡಿದ್ದು ಅದೇ ಮೊದಲು. ಎದ್ದು ಬಂದ, ಹಿಂದೆಯೇ ವಗೀಹ್ ಕೂಡ ಇಳಿದ. ಜಾಬಿರ್ ಮಕ್ಕಳ ಹಾಸಿಗೆ ಸುತ್ತಿ ಪಕ್ಕಕ್ಕೆ ಇಟ್ಟ. ಅಪ್ಪ ಪಿಲ್ಲರಿಗೆ ಮೆತ್ತಗೆ ಎರಡೇಟು ಹಾಕಿದ. ಹೋದ ವರ್ಷ ತಾನೇ ಹಚ್ಚಿಸಿದ್ದ ಗಾರೆ ಹಲಗೆಯಂತೆ ಕಳಚಿ ಬಿತ್ತು. ಅದರ ಹಿಂದಿನ ಕಾಂಕ್ರೀಟನ್ನು ಜಾಬಿರ್ ಬೆರಳಲ್ಲಿ ಕೆರೆದರೆ ನಮ್ಮ ಕಡೆಯ ಎಳ್ಳಿನ ಹಲ್ವಾದ ಹಾಗೆ ಪುಡಿಯಾಗಿ ಉದುರಿತು. ಕಬ್ಬಿಣದ ಸರಳು ಇರಬೇಕಾದ ಕಡೆ ಕೆಂಪು ಪುಡಿ.

ನಾನು ಪಿಲ್ಲರನ್ನು ಬಿಟ್ಟು ಅಪ್ಪನ ಮುಖ ನೋಡುತ್ತಿದ್ದೆ. ಅಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿನಗೆ ಗೊತ್ತಿತ್ತು," ಅಂದೆ.

"ಅಂದಾಜಿತ್ತು. ನಾವು ಯಾವಾಗ್ಲೂ ಬೇಕಾದ್ದಕ್ಕಿಂತ ಜಾಸ್ತಿ ಗಟ್ಟಿ ಕಟ್ಟಿರ್ತೀವಿ. ಮೇಲಿನೆರಡು ಮಹಡಿ ಅದ್ರಲ್ಲಿ ಸ್ವಲ್ಪ ತಿಂತು, ಉಪ್ಪು ಸ್ವಲ್ಪ ತಿಂತು. ಇನ್ನೂ ಮಿಕ್ಕಿರಬೇಕು ಅಂದ್ಕೊಂಡಿದ್ದೆ."

"ಉಪ್ಪು ಅಂತ ನಾನು ಆಗಲೇ ಹೇಳಿದ್ದೆ," ಅಂದ ಜಾಬಿರ್. ಇಬ್ಬರು ವಿದ್ಯಾವಂತರೂ ಅವನ ಕಡೆ ತಿರುಗಲಿಲ್ಲ.

ನಾನೂ ಜಾಬಿರನೂ ಮೂವತ್ತಾರು ಮನೆಗಳ ಬಾಗಿಲು ತಟ್ಟಿದೆವು. ಸಂಜೆ ನಮಾಜಿನ ಹೊತ್ತಿಗೆ ಎಲ್ಲರೂ ಬೀದಿಯಲ್ಲಿದ್ದರು. ಮುದುಕಿಯರನ್ನು ಕುರ್ಚಿ ಸಮೇತ ಹೊತ್ತು ಇಳಿಸಿದರು. ಅಷ್ಟರಲ್ಲಿ ಅಪ್ಪ ಯಾರು ಯಾರಿಗೋ ಫೋನು ಮಾಡಿ ಎರಡು ಲಾರಿ ಕಬ್ಬಿಣದ ಜಾಕಿ, ಮರದ ತೊಲೆ ತರಿಸಿದ್ದ. ಆ ಕೆಲಸ ಅಪ್ಪನಿಗೆ ಬರುತ್ತದೆ, ಇಲ್ಲವೆನ್ನುವುದಿಲ್ಲ.

ಕೆಲಸದವರು ಏಳನೇ ಪಿಲ್ಲರಿನ ಕಡೆ ಹೊರಟಾಗ ವಗೀಹ್ ತಡೆದ. "ಅದಲ್ಲ. ಹದಿಮೂರಕ್ಕೆ ಮೊದಲು ಹಾಕಿ."

"ಯಾಕೆ?" ಅಂದ ಅಪ್ಪ.

"ಏಳು ಆಗಲೇ ಭಾರ ಬಿಟ್ಟುಕೊಟ್ಟಿದೆ. ಅದರ ಪಾಲನ್ನೂ ಹದಿಮೂರು ಹೊರ್ತಾ ಇದೆ. ಅಲ್ಲಿ ಗಾಜು ಒಡೀತಿರೋದು ಈಗ ವಾರಕ್ಕೊಂದು."

ಅಪ್ಪ ಅವನ ನೋಟ್‌ಬುಕ್ಕು ಇಸಿದುಕೊಂಡು ಎರಡು ಪುಟ ಓದಿದ. "ಹದಿಮೂರಕ್ಕೆ ಹಾಕ್ರಪ್ಪ," ಅಂದ. ಮುಂದಿನ ನಾಲ್ಕು ಗಂಟೆ ಒಬ್ಬ ಜಾಗ ತೋರಿಸಿದ, ಇನ್ನೊಬ್ಬ ಜಾಕಿ ಏರಿಸಿದ. ಒಂದು ಕೊಂಕು ಮಾತಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಇದು ಇಷ್ಟು ಸುಲಭವಿತ್ತು. ಹನ್ನೊಂದು ವರ್ಷ ಇಬ್ಬರೂ ಒಂದೇ ಮೇಜಿಗೆ ಕೂತು ಯಾರು ದೊಡ್ಡವರು ಎಂದು ಕಿತ್ತಾಡಿದ್ದರು. ಒಬ್ಬ ಅಳೆದು ಸುಮ್ಮನಿದ್ದ, ಇನ್ನೊಬ್ಬ ಗಾರೆ ಹಚ್ಚಿ ಸುಮ್ಮನಿದ್ದ.

ಕಟ್ಟಡ ಬೀಳಲಿಲ್ಲ. ನಗರಸಭೆಯವರು ಬೀಗ ಹಾಕಿ, ಮೇಲಿನೆರಡು ಮಹಡಿ ಕೆಡವಲು ಆಜ್ಞೆ ಹೊರಡಿಸಿದರು. ವಾರದೊಳಗೆ ಅಪ್ಪ ಕಾಫಿ ಅಂಗಡಿಯಲ್ಲಿ, ಕಡಲು ಬುಡ ತಿಂದರೂ ತನ್ನ ಕಟ್ಟಡ ನಿಂತಿದ್ದು ಯಾಕೆಂದು ವಿವರಿಸತೊಡಗಿದ. ವಗೀಹ್ ತನ್ನ ಲೇಖನಕ್ಕೆ, ಸಕಾಲದ ವೈಜ್ಞಾನಿಕ ಎಚ್ಚರಿಕೆಯಿಂದ ಜನ ಉಳಿದರು ಎಂಬ ಒಂದು ಪ್ಯಾರಾ ಸೇರಿಸಿದ.

ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಅಧಿಕಾರಿ ನನ್ನನ್ನೂ ಕರೆಸಿ, ವಿಷಯ ಮೊದಲು ಯಾರಿಗೆ ಗೊತ್ತಾಯಿತು, ಯಾವಾಗ ಎಂದು ಕೇಳಿದ. ನಾನು ಜಾಬಿರನ ಹೆಸರು ಬರೆಸಿದೆ. ಅವನ ಮಾತು ಕೇಳಿಯೂ ಸುಮ್ಮನಿದ್ದ ಇಬ್ಬರ ಹೆಸರನ್ನೂ ತಿಂಗಳ ಸಮೇತ ಬರೆಸಿ ಸಹಿ ಹಾಕಿದೆ. ಅಪ್ಪನ ಪರವಾನಗಿ ಎರಡು ವರ್ಷಕ್ಕೆ ಅಮಾನತಾಯಿತು. ವಗೀಹ್‌ಗೆ ವಿಶ್ವವಿದ್ಯಾಲಯ ನೋಟಿಸು ಕೊಟ್ಟಿತು. ಜಾಬಿರ್ ಸಂಸಾರ ಕಟ್ಟಿಕೊಂಡು ಸೊಹಾಗ್‌ಗೆ ಹೋದ.

ಮಾವ ಅಳಿಯ ಈಗ ನನ್ನ ಸೋದರತ್ತೆಯ ಮನೆಯಲ್ಲಿ ಒಂದೇ ಕೋಣೆಯಲ್ಲಿದ್ದಾರೆ. ಅತ್ತೆ ಹೇಳುವಂತೆ ಜಗಳವೇ ಇಲ್ಲವಂತೆ. ವ್ಯಾಕರಣ ಕಲಿಸುವವಳಿಗೆ ಪಿಲ್ಲರಿನ ವಿಷಯ ಏನು ಗೊತ್ತು ಎಂದು ಅಪ್ಪ ಅಂದರೆ, ಅಂಕಿಅಂಶವೂ ಗೊತ್ತಿಲ್ಲ ಎಂದು ವಗೀಹ್ ಸೇರಿಸುತ್ತಾನಂತೆ. ನಾನು ಶಾಲೆಯ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಇಬ್ಬರಿಗೂ ವಿಳಾಸ ಕೊಟ್ಟಿಲ್ಲ.