ಓದಿ ಹೇಳಿದರೆ ಮಾತ್ರ ಸಹಿ

ಬೀಗದವನ ತಾಯಿ ತೀರಿಕೊಂಡು ಎಂಟು ತಿಂಗಳಾಯಿತು ಎಂದು ಕಾಗದದಲ್ಲಿ ಬರೆದಿತ್ತು. ಕಾಗದ ನನ್ನ ಕೈಯಲ್ಲಿತ್ತು. ಆ ತಾಯಿ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಊದಿ ಊದಿ ಕುಡಿಯುತ್ತಿದ್ದರು.

“ಏನಂತೆ ಅದ್ರಲ್ಲಿ? ಗಟ್ಟಿಯಾಗಿ ಓದು” ಎಂದರು.

ಮೂರು ಸಲ ಕಣ್ಣಲ್ಲೇ ಓದಿದೆ. ಹೆಸರು ಅವರದೇ, ವಿಳಾಸ ಅವರದೇ. ಸ್ಥಿತಿ ಎಂಬ ಕಡೆ ‘ಮೃತ’. ಪಕ್ಕದಲ್ಲಿ ಸತ್ತ ತಾರೀಖೂ ಇತ್ತು.

ಬೀಗದವನು ಬಾಗಿಲಿಗೆ ಒರಗಿ ನಿಂತಿದ್ದ. ಅವನು ಕೂರುವವನಲ್ಲ. ಬೀಗ ಬಿಚ್ಚಿ ಬಿಚ್ಚಿ ಬಾಗಿಲ ಹತ್ತಿರ ನಿಲ್ಲುವುದೇ ಅಭ್ಯಾಸವಾಗಿದೆ. “ಆಸ್ಪತ್ರೆಲಿ ಅಮ್ಮನ ಹೆಲ್ತ್ ಕಾರ್ಡ್ ಉಜ್ಜಿದ್ರು ಅಕ್ಕ, ನಡೀಲಿಲ್ಲ. ಇನ್ನೊಂದ್ಸಲ ಉಜ್ಜಿದ್ರು. ಆಮೇಲೆ ಕೌಂಟರ್‌ನಾಕೆ ಈ ಕಾಗದ ತೆಗೆದು ನನ್ನ ಕೈಗೆ ಕೊಟ್ಲು. ಅಮ್ಮನ ಮುಖಾನೇ ನೋಡ್ಲಿಲ್ಲ ಅವಳು.”

“ನಾನು ಸತ್ತಿದ್ದೀನಂತೆ, ಅಲ್ವಾ?” ಎಂದರು ಅಮ್ಮ. “ಅವಳು ಪಿಸುಗುಟ್ಟಿದ್ದು ಕೇಳಿಸ್ತು. ಹೋಗಿರೋದು ಕಣ್ಣು, ಕಿವಿ ಅಲ್ಲ. ಹಾಗಾದ್ರೆ ಎಂಟು ತಿಂಗಳಿಂದ ಇವನಿಗೆ ಬೇಯಿಸಿ ಹಾಕ್ತಿರೋದು ಯಾರು ಅಂತ ಕೇಳ್ಬೇಕಿತ್ತು.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಬೀಗದವನು ನಗಲಿಲ್ಲ. ಬರುವ ಮಂಗಳವಾರ ಅಮ್ಮನಿಗೆ ಕಣ್ಣಿನ ಆಪರೇಷನ್. ಎಡಗಣ್ಣು ಆಗಲೇ ಹೋಗಿದೆ. ಬಲಗಣ್ಣಿಗೆ ಪೊರೆ ಬಂದು ಒಳಗೆ ಒತ್ತಡ ಏರುತ್ತಿದೆ. ಈ ತಾರೀಖು ತಪ್ಪಿದರೆ ಮುಂದಿನದು ಮೂರು ತಿಂಗಳ ಮೇಲೆ, ಅಲ್ಲಿಯವರೆಗೆ ಕಣ್ಣು ಉಳಿಯುವ ಭರವಸೆ ಕೊಡಲಾರೆ ಎಂದಿದ್ದರಂತೆ ಡಾಕ್ಟರು. ಕಾರ್ಡ್ ಇಲ್ಲದೆ ಆಪರೇಷನ್ ಮಾಡಿಸುವಷ್ಟು ಹಣ ಬೀಗದವನು ಊರಿನ ಬೀಗವನ್ನೆಲ್ಲ ಬಿಚ್ಚಿದರೂ ಹುಟ್ಟುವುದಿಲ್ಲ. ಕಾರ್ಡ್ ನಡೆಯುವುದು ತೆರಿಗೆ ನಂಬರಿನ ಮೇಲೆ. ಆ ನಂಬರು ತೆರಿಗೆ ಕಚೇರಿಯಲ್ಲಿ ಸತ್ತರೆ ಎಲ್ಲ ಕಡೆಯೂ ಸತ್ತಂತೆಯೇ. ಎರಡು ತಿಂಗಳಿಂದ ಪಿಂಚಣಿಯೂ ಬಂದಿರಲಿಲ್ಲ. ಬ್ಯಾಂಕಿನವರು ಯಾವಾಗಲೂ ಹೀಗೇ ಎಂದು ಇವರು ಸುಮ್ಮನಿದ್ದರು.

“ಇದು ಕಚೇರಿಯವರ ಕಿತಾಪತಿ” ಎಂದೆ. “ಇಪ್ಪತ್ತೆರಡು ವರ್ಷದಿಂದ ಈ ಮೇಜಿನ ಮುಂದೆ ಕೂತಿದ್ದೀನಿ, ಅವರ ಕಂಪ್ಯೂಟರು ನಂಗೆ ಗೊತ್ತಿಲ್ವಾ? ನೀನು ಹೋಗು, ಅಂಗಡಿ ತೆಗಿ. ನಾನು ಅವರಿಗೆ ಬಿಸಿ ಮುಟ್ಟಿಸ್ತೀನಿ.”

ಬೀಗದವನ ಮುಖದಲ್ಲಿ ಜೀವ ಬಂತು. “ನೀವೊಬ್ರು ಇದ್ದೀರಲ್ಲ ಅಕ್ಕ, ಸಾಕು” ಎಂದ. ಆ ಮಾತು ಆಮೇಲೆ ನನ್ನನ್ನು ಎಷ್ಟು ಕುಟುಕಿತು ಎಂದು ಹೇಳಲಾರೆ.

ನನ್ನ ಕಚೇರಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ಮೇಜು, ಎರಡು ಕುರ್ಚಿ, ಶಬ್ದ ಮಾಡುವ ಪ್ರಿಂಟರು, ಗೋಡೆಗೆ ತೂಗುಹಾಕಿದ, ಜನರ ತೆರಿಗೆ ರಿಟರ್ನ್ ಹಾಕಿಕೊಡುವ ನನ್ನ ಪರವಾನಗಿ. ಕ್ಷೌರಿಕ, ಟ್ಯಾಕ್ಸಿಯವನು, ಹೊಲಿಗೆಯಾಕೆ, ಸಂಗೀತದ ಮೇಷ್ಟ್ರು, ಹೀಗೆ ದೊಡ್ಡ ಲೆಕ್ಕಿಗರ ಬಾಗಿಲಿಗೆ ಹೋಗಲು ಅಂಜುವ ಜನ ನನ್ನಲ್ಲಿಗೆ ಬರುತ್ತಾರೆ. ರಸೀದಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಮೇಜಿನ ಮೇಲೆ ಸುರಿಯುತ್ತಾರೆ. ಒಬ್ಬ ಸುರಿದಾಗ ಹಲ್ಲುಸೆಟ್ಟೂ ಬಿದ್ದಿತ್ತು. ಕೊನೆಯ ದಿನ ಬಂದು, ನಿನ್ನೆಯೇ ಮುಗಿಸಬೇಕಿತ್ತು ಎನ್ನುವಂತೆ ನನ್ನನ್ನೇ ಗದರುತ್ತಾರೆ. ಅದೆಲ್ಲ ಒಗ್ಗಿಹೋಗಿದೆ.

ಇವರ ನಡುವೆ ಬೀಗದವನ ತಾಯಿ ಒಬ್ಬರೇ ಬೇರೆ. ಓದಿ ಹೇಳಿದರೆ ಮಾತ್ರ ಸಹಿ. ಕಣ್ಣು ಚೆನ್ನಾಗಿದ್ದಾಗ ತಾವೇ ಓದುತ್ತಿದ್ದರಂತೆ. ಮಂಜಾದ ಮೇಲೆ ನಾನು ಓದಬೇಕು. ಹೆಸರಿನಿಂದ ಹಿಡಿದು ಕೊನೆಯ ಸಾಲಿನವರೆಗೆ. “ನಂಬರ್ ಯಾಕಮ್ಮ, ಅದು ಬದಲಾಗಲ್ಲ” ಎಂದರೆ, “ಬದಲಾಗಲ್ಲ ಅಂದ್ರೆ ಓದೋಕೆ ಏನು ಕಷ್ಟ?” ಎನ್ನುವರು. ಹೊರಗೆ ನಾಲ್ಕು ಜನ ಕಾಯುತ್ತಿರುವಾಗ ನಾನು ಒಂದೊಂದೇ ಅಂಕಿ ಓದುತ್ತಿದ್ದೆ. ಅವರು ಪ್ರತಿಯೊಂದಕ್ಕೂ ತಲೆ ಆಡಿಸುತ್ತಿದ್ದರು. ಏಳು, ಒಂದು, ಒಂಬತ್ತು, ನಾಲ್ಕು, ಕೊನೆಗೆ ಮೂರು, ಮೂರು, ಸೊನ್ನೆ. ಒಳಗೊಳಗೇ ಹಲ್ಲು ಕಡಿಯುತ್ತಿದ್ದೆನಾದರೂ ನಂಬರು ಬಾಯಿಪಾಠವಾಗಿತ್ತು.

ಅವರು ಹೋದ ಮೇಲೆ ತೆರಿಗೆ ಕಚೇರಿಗೆ ಒಂದು ದೂರು ಬರೆದೆ. ‘ಜೀವಂತ ವ್ಯಕ್ತಿಯನ್ನು ಮೃತರೆಂದು ದಾಖಲಿಸಿದ ತಮ್ಮ ಬೇಜವಾಬ್ದಾರಿ’ ಎಂದು ಶುರು ಮಾಡಿದೆ. ಬರೆಯುತ್ತ ಬರೆಯುತ್ತ ನನಗೇ ಹುರುಪು ಬಂತು. ‘ಅಕ್ಷಮ್ಯ’ ಎಂಬ ಪದವನ್ನು ಎರಡು ಕಡೆ ಹಾಕಿದೆ.

ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಿದ್ದೆ, ಬೇಕರಿಯಾಕೆ ಬಂದಳು. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ, ಅದರ ಮೇಲೆ ಒಂದು ಲಕೋಟೆ. ಅವಳ ತಾಯಿ ಹಿಂದಿನ ವರ್ಷ ತೀರಿಕೊಂಡಿದ್ದರು. ಸತ್ತವರ ಹೆಸರಿನಲ್ಲಿಯೂ ಕೊನೆಯದೊಂದು ರಿಟರ್ನ್ ಹಾಕಬೇಕು, ಅದನ್ನು ನಾನೇ ಹಾಕಿಕೊಟ್ಟಿದ್ದೆ.

“ಅಕ್ಕ, ಇದೊಂದು ತಮಾಷೆ ನೋಡಿ. ನಮ್ಮಮ್ಮನಿಗೆ ನೋಟಿಸು! ಈ ವರ್ಷ ಯಾಕೆ ರಿಟರ್ನ್ ಹಾಕಿಲ್ಲ, ಹದಿನೈದು ದಿನದಲ್ಲಿ ಖುದ್ದಾಗಿ ಬಂದು ಉತ್ತರ ಕೊಡಿ ಅಂತೆ. ಖುದ್ದಾಗಿ! ಅಮ್ಮನ್ನ ಎಲ್ಲಿಂದ ಕರ್ಕೊಂಡು ಬರ್ಲಿ?”

ನಗುತ್ತ ಹೇಳಿದಳಾದರೂ ಅವಳ ಕಣ್ಣಂಚು ಒದ್ದೆಯಾಗಿತ್ತು. ನಾನೂ ನಗುತ್ತಲೇ ಲಕೋಟೆ ತೆಗೆದುಕೊಂಡೆ. “ಕೊನೇ ರಿಟರ್ನ್ ಹಾಕಿದ್ದೀವಲ್ಲ, ತೋರಿಸಿದ್ರೆ ಮುಗೀತು” ಎಂದು ಕಂಪ್ಯೂಟರಿನಲ್ಲಿ ಅವಳ ತಾಯಿಯ ಫೈಲು ತೆರೆದೆ.

ಹೆಸರು ಸರಿಯಿತ್ತು. ವಿಳಾಸ ಸರಿಯಿತ್ತು. ಅದರ ಕೆಳಗೆ ನಂಬರು. ಏಳು, ಒಂದು, ಒಂಬತ್ತು, ನಾಲ್ಕು.

ಕಣ್ಣಿನಲ್ಲಿ ಓದಿದ್ದಲ್ಲ ಅದು, ಕಿವಿಯಲ್ಲಿ ಕೇಳಿಸಿತು. ಪ್ರತಿ ಅಂಕಿಗೂ ಎದುರಿನ ಕುರ್ಚಿಯಲ್ಲಿ ಬೀಗದವನ ತಾಯಿಯ ತಲೆ ಆಡಿದಂತಿತ್ತು. ಮೂರು, ಮೂರು, ಸೊನ್ನೆ. ಮರಣದ ತಾರೀಖು ನೋಡಿದೆ. ಬೆಳಿಗ್ಗೆ ಆಸ್ಪತ್ರೆಯ ಕಾಗದದಲ್ಲಿ ಇದ್ದದ್ದೂ ಅದೇ ತಾರೀಖು.

“ಯಾಕಕ್ಕ, ಮೈ ಹುಷಾರಿಲ್ವಾ? ಮುಖ ಹೀಗೆ ಬಿಳುಚಿಕೊಂಡಿದೆ” ಎಂದಳು ಬೇಕರಿಯಾಕೆ.

“ನೋಟಿಸು ಇಲ್ಲೇ ಇರ್ಲಿ. ನಾನೇ ಫೋನ್ ಮಾಡ್ತೀನಿ” ಎಂದೆ. ಅವಳು ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡೆ.

ಹೇಗಾಯಿತು ಎಂದು ಯೋಚಿಸಬೇಕಾಗಿಯೂ ಇರಲಿಲ್ಲ. ನಮ್ಮ ಕಸುಬಿನವರೆಲ್ಲ ಮಾಡುವ ಕೆಲಸ. ಹೊಸ ಫೈಲನ್ನು ಮೊದಲಿನಿಂದ ತುಂಬುವಷ್ಟು ಪುರುಸೊತ್ತು ಯಾರಿಗಿದೆ? ಅಂಥದೇ ಒಂದು ಹಳೆಯ ಫೈಲನ್ನು ನಕಲು ಮಾಡಿ, ಹೆಸರು ಬದಲಿಸಿ, ವಿಳಾಸ ಬದಲಿಸಿ, ಲೆಕ್ಕ ಬದಲಿಸುತ್ತೇವೆ. ಬೀಗದವನ ತಾಯಿಯದು ಅಚ್ಚುಕಟ್ಟಾದ ಫೈಲು, ಪಿಂಚಣಿ ಮತ್ತು ಚೂರು ಬಡ್ಡಿ, ಅಷ್ಟೇ. ವಯಸ್ಸಾದ ಹೆಂಗಸರದೆಲ್ಲ ನಾನು ಅದರಿಂದಲೇ ಮಾಡುತ್ತಿದ್ದೆ. ಹೆಸರು ಬದಲಿಸಿದ್ದೆ, ವಿಳಾಸ ಬದಲಿಸಿದ್ದೆ, ‘ಮೃತ’ ಎಂದು ಗುರುತು ಹಾಕಿದ್ದೆ. ನಂಬರು ಬದಲಿಸಿರಲಿಲ್ಲ. ಬೇರೆ ಯಾವುದಾದರೂ ಫೈಲಾಗಿದ್ದರೆ ಸಹಿ ಹಾಕುವವರು ಒಮ್ಮೆಯಾದರೂ ಕಣ್ಣಾಡಿಸುತ್ತಿದ್ದರು. ಸತ್ತವರ ಫೈಲನ್ನು ಓದು ಎಂದು ಯಾರು ಕೇಳುತ್ತಾರೆ? ಬೇಕರಿಯಾಕೆ ಅಳುತ್ತ ಸಹಿ ಹಾಕಿ ಹೋಗಿದ್ದಳು.

ಬದುಕಿದ್ದವರನ್ನು ಕೊಂದಿದ್ದೆ, ಸತ್ತವರನ್ನು ಬದುಕಿಸಿದ್ದೆ. ಮೇಜಿನ ಮೇಲೆ ನನ್ನ ದೂರು ಬಿದ್ದಿತ್ತು. ‘ತಮ್ಮ ಬೇಜವಾಬ್ದಾರಿ’, ‘ಅಕ್ಷಮ್ಯ’.

ತೆರಿಗೆ ಕಚೇರಿಯಲ್ಲಿ ಪರಿಚಯದ ಗುಮಾಸ್ತ ಒಬ್ಬನಿದ್ದಾನೆ. ಹೆಸರು ಹೇಳದೆ, ಹೀಗೊಂದು ಪ್ರಕರಣ ಎಂದು ಫೋನಿನಲ್ಲಿ ಕೇಳಿದೆ.

“ದೂರು ಕೊಟ್ರೆ ವಿಚಾರಣೆ ಮೇಡಂ. ಮೂರು ತಿಂಗಳು ಅಂದ್ಕೊಳ್ಳಿ, ನಾಲ್ಕಾದ್ರೂ ಆಶ್ಚರ್ಯ ಇಲ್ಲ. ರಿಟರ್ನ್ ಹಾಕಿದವರೇ ತಪ್ಪು ನಂದು ಅಂತ ಬರೆದುಕೊಟ್ರೆ, ಬದುಕಿರೋರು ಬಂದು ಎದುರಿಗೆ ಸಹಿ ಹಾಕಿದ್ರೆ, ಅವತ್ತೇ ಸರಿ ಮಾಡಬಹುದು. ಆದ್ರೆ ಬರೆದುಕೊಟ್ಟವರ ದಾಖಲೆಗೆ ಅದು ಸೇರುತ್ತೆ. ಎರಡನೇದಾದ್ರೆ ಪರವಾನಗಿ ಒಂದು ವರ್ಷ ಇಲ್ಲ.” ಸ್ವಲ್ಪ ತಡೆದು, “ಯಾರದು ಮೇಡಂ ಪ್ರಕರಣ?” ಎಂದ.

“ನನ್ನ ಪರಿಚಯದವರದು” ಎಂದೆ.

ನನ್ನ ದಾಖಲೆಯಲ್ಲಿ ಒಂದು ಆಗಲೇ ಇತ್ತು. ಆರು ವರ್ಷದ ಹಿಂದೆ ಜ್ವರದಲ್ಲಿ ಮಲಗಿ ಒಬ್ಬರ ಗಡುವು ತಪ್ಪಿಸಿದ್ದೆ.

ಸಂಜೆ ಯಜಮಾನರು ಬಂದರು. ಬಸ್ ಓಡಿಸುವವರು, ಬಂದ ಕೂಡಲೇ ಕಾಲು ಚಾಚುತ್ತಾರೆ. ಎಲ್ಲ ಕೇಳಿ ಚಾಚಿದ ಕಾಲು ಮಡಚಿಕೊಂಡರು.

“ಅಲ್ವೇ, ಅವನಿಗೇನು ಗೊತ್ತಾಗುತ್ತೆ? ಕಚೇರಿಯವರ ತಪ್ಪು ಅಂತ ಅವನೇ ನಂಬಿದ್ದಾನೆ. ನೀನ್ಯಾಕೆ ಕತ್ತು ಕೊಡ್ತೀಯ?”

“ಆ ಕಣ್ಣು ಮೂರು ತಿಂಗಳು ಕಾಯಲ್ಲ ರೀ.”

“ನಮ್ಮ ಹೊಟ್ಟೆ ಒಂದು ವರ್ಷ ಕಾಯುತ್ತಾ?”

ನಾನು ಎದ್ದು ಪಾತ್ರೆ ತೊಳೆಯತೊಡಗಿದೆ. ಅವರು ಪಕ್ಕದಲ್ಲಿ ಬಂದು ನಿಂತು, “ನಾಳೆ ಎಷ್ಟು ಗಂಟೆಗೆ ಹೋಗ್ಬೇಕು? ನಂದು ಎರಡನೇ ಪಾಳಿ, ಬಿಟ್ಟು ಬರ್ತೀನಿ” ಎಂದರು.

ಬೀಗದವನಿಗೆ ಫೋನ್ ಮಾಡಿ, ಅಮ್ಮನನ್ನು ಹತ್ತು ಗಂಟೆಗೆ ತೆರಿಗೆ ಕಚೇರಿಗೆ ಕರೆದುಕೊಂಡು ಬಾ ಎಂದಷ್ಟೇ ಹೇಳಿದೆ. ಮಿಕ್ಕದ್ದು ಎದುರಿಗೆ ಹೇಳೋಣವೆಂದುಕೊಂಡೆ. ಎದುರಿಗೆ ಬಂದಾಗ, ಕೌಂಟರಿನಲ್ಲಿ ಕೆಲಸ ಆದ ಮೇಲೆ ಹೇಳೋಣವೆಂದುಕೊಂಡೆ. ಹೀಗೆ ಮುಂದೂಡುವ ಗಿರಾಕಿಗಳನ್ನು ಇಪ್ಪತ್ತೆರಡು ವರ್ಷ ಬೈದವಳು ನಾನು.

ಕೌಂಟರಿನಲ್ಲಿದ್ದ ಅದೇ ಗುಮಾಸ್ತ ನನ್ನನ್ನು ನೋಡಿ, ನನ್ನ ಅರ್ಜಿ ನೋಡಿ, ಮತ್ತೆ ನನ್ನನ್ನು ನೋಡಿದ. ಪರಿಚಯದವರು ಯಾರೆಂದು ಅವನಿಗೆ ತಿಳಿಯಿತು. ಕಾಗದವನ್ನು ಅಮ್ಮನ ಕಡೆ ತಿರುಗಿಸಿ ಪೆನ್ನು ಕೊಟ್ಟ. “ಇಲ್ಲಿ ಸಹಿ ಹಾಕಿ ಅಜ್ಜಿ, ಬದುಕಿದ್ದೀರಿ ಅಂತ.”

“ಓದು” ಎಂದರು ಅಮ್ಮ, ನನ್ನ ಕಡೆ ತಿರುಗಿ.

“ಅಮ್ಮ, ಬರೀ ಅರ್ಜಿ...”

“ಅರ್ಜಿಗೂ ಸಹಿನೇ ತಾನೇ ಹಾಕೋದು? ಓದು.”

ಹಿಂದೆ ಸಾಲಿನಲ್ಲಿ ಹತ್ತು ಜನ. ಪಕ್ಕದಲ್ಲಿ ಬೀಗದವನು, ಕಚೇರಿಯವರಿಗೆ ಅಕ್ಕ ಹೇಗೆ ಬಿಸಿ ಮುಟ್ಟಿಸುತ್ತಾಳೆ ಎಂದು ನೋಡಲು ಮುಂದೆ ಬಾಗಿದ್ದ. ನಾನು ಓದಿದೆ. ಹೆಸರು ಓದಿದೆ, ವಿಳಾಸ ಓದಿದೆ, ನಂಬರಿನ ಒಂದೊಂದೇ ಅಂಕಿ ಓದಿದೆ. ಅಮ್ಮ ತಲೆ ಆಡಿಸುತ್ತ ಹೋದರು.

“‘ಮೇಲ್ಕಂಡ ನಂಬರನ್ನು ತೀರಿಕೊಂಡ ಬೇರೊಬ್ಬರ ರಿಟರ್ನಿನಲ್ಲಿ ನಮೂದಿಸಿದವಳು ನಾನು. ಹಳೆಯ ಫೈಲನ್ನು ನಕಲು ಮಾಡಿ, ನಂಬರು ಬದಲಿಸಲು ಮರೆತು, ಪರಿಶೀಲಿಸದೆ ಸಲ್ಲಿಸಿದ್ದೇನೆ. ಇವರು ಮೃತರೆಂದು ದಾಖಲಾಗಿರುವುದು ಸಂಪೂರ್ಣ ನನ್ನ ತಪ್ಪಿನಿಂದ.’”

ಬೀಗದವನ ಬಾಯಿ ತೆರೆದೇ ಇತ್ತು. “ಯಾರು?” ಎಂದ. “ಅಕ್ಕ, ಯಾರದು ಅಂತ ಬರ್ದಿದೆ?”

“ನಂದು.”

“ನೀವಾ? ನೀವು... ನಿನ್ನೆ ನೀವು...” ನನ್ನ ಮುಖವನ್ನು ಕೀಲಿ ತಿರುಗದ ಬೀಗದಂತೆ ನೋಡಿದ.

ಅಮ್ಮನ ತಲೆ ಆಡುವುದು ನಿಂತಿತ್ತು. “ಇನ್ನೂ ಇದೆಯಾ?” ಎಂದರು ಕೊನೆಗೆ.

“ಇನ್ನೊಂದು ಸಾಲಿದೆ. ‘ಇದಕ್ಕಾಗಿ ನನ್ನ ಮೇಲೆ ಕೈಗೊಳ್ಳುವ ಕ್ರಮಕ್ಕೆ ನಾನು ಬದ್ಧಳು.’”

“ಪೆನ್ನು ಎಲ್ಲಿಡ್ಬೇಕು ತೋರಿಸು” ಎಂದರು. ನಾನು ಅವರ ಬೆರಳು ಹಿಡಿದು ಜಾಗ ತೋರಿಸಿದೆ. ಬೆರಳು ತಣ್ಣಗಿತ್ತು. ಸಹಿ ಹಾಕಿ ಕೈ ಬಿಡಿಸಿಕೊಂಡರು.

ಮೆಟ್ಟಿಲು ಇಳಿಯುವಾಗ ಬೀಗದವನು ನನಗೆ ಬೆನ್ನು ಹಾಕಿಯೇ ಹೇಳಿದ: “ನಮ್ಮ ಫೈಲೆಲ್ಲ ಕೊಟ್ಬಿಡಿ. ಯಾರನ್ನಾದ್ರೂ ಕಳಿಸ್ತೀನಿ.”

ಕಾರ್ಡ್ ಮರುದಿನವೇ ನಡೆಯಿತು ಎಂದು ಗುಮಾಸ್ತ ಹೇಳಿದ. ಆಪರೇಷನ್ ಆಯಿತೆಂಬ ಸುದ್ದಿ ಹೊಲಿಗೆಯಾಕೆಯಿಂದ ತಿಳಿಯಿತು. ಬೇಕರಿಯಾಕೆಗೂ ಎಲ್ಲ ಹೇಳಿ, ಅವಳ ತಾಯಿಯ ರಿಟರ್ನ್ ಹೊಸದಾಗಿ ಹಾಕಿಕೊಟ್ಟೆ. ಅವಳು ಗಟ್ಟಿಯಾಗಿ ಅತ್ತಳು. “ಹಾಗಾದ್ರೆ ಇಷ್ಟು ದಿನ ಅವರ ಲೆಕ್ಕದಲ್ಲಿ ಅಮ್ಮ ಬದುಕಿದ್ಲಾ?” ಎಂದಳು.

ಐದು ವಾರಕ್ಕೆ ನನ್ನ ಲಕೋಟೆ ಬಂತು. ಒಡೆಯದೆ ಎರಡು ದಿನ ಮೇಜಿನ ಮೇಲಿಟ್ಟಿದ್ದೆ. ಮೂರನೆಯ ದಿನ ಬೆಳಿಗ್ಗೆ ಹೊರಗೆ ಬೈಕ್ ನಿಂತ ಸದ್ದಾಯಿತು. ಬೀಗದವನು ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ. ಹಿಂದಿನಿಂದ ಇಳಿದು ಬಂದವರು ಅವನ ತಾಯಿ. ಕಪ್ಪು ಕನ್ನಡಕ. ಹೊಸ್ತಿಲು ತಡಕಲಿಲ್ಲ, ನೇರ ಬಂದು ಕುರ್ಚಿಯಲ್ಲಿ ಕೂತರು.

“ಫೈಲು ತಗೊಂಡು ಹೋಗೋಕೆ ಬಂದೆ. ಅವನು ಬರಲ್ಲ ಅಂತಾನೆ, ಬರ್ತಾನೆ ಬಿಡು, ಕಾಲ ಬೇಕು.” ಕನ್ನಡಕ ಹಣೆಗೇರಿಸಿ ಮೇಜನ್ನು ನೋಡಿದರು. “ಅದ್ಯಾಕೆ ಒಡೆದಿಲ್ಲ?”

“ಗೊತ್ತಿರೋದೇ ಅಮ್ಮ. ಒಂದು ವರ್ಷ.”

“ಓದದೇ ಹೇಗೆ ಗೊತ್ತಾಯ್ತು? ಇಲ್ಲಿ ಕೊಡು.”

ಲಕೋಟೆ ಹರಿದು, ಕಾಗದವನ್ನು ಬಲಗಣ್ಣಿನ ಹತ್ತಿರ ಹಿಡಿದರು. ನನ್ನ ಹೆಸರು ಓದಿದರು. ವಿಳಾಸ ಓದಿದರು. ಪರವಾನಗಿಯ ನಂಬರನ್ನು ಒಂದೊಂದೇ ಅಂಕಿಯಾಗಿ ಓದತೊಡಗಿದರು. ಹೊರಗೆ ಬೈಕಿನ ಎಂಜಿನ್ ಆರಿತು. ನಡುವೆ ಒಂದು ಕಡೆ ತಡೆದರು.

“ಇದು ಆರೋ, ಎಂಟೋ?”

“ಎಂಟು.”

“ಎಂಟು” ಎಂದು ಮುಂದೆ ಓದಿದರು. ನಾನು ತಲೆ ಆಡಿಸುತ್ತ ಕೂತೆ.