ಲೈನ್ ಕ್ಲಿಯರಿನ ಆಣೆ

ಕಳಲೆಯ ಚಿಕ್ಕಬಸಪ್ಪ ಲಿಂಗಪೂಜೆ ಮುಗಿಸಿ ಮೇಲೇಳುವ ಹೊತ್ತಿಗೆ ಶಿವರಾಜು ಓಡಿಬಂದು ಜಗಲಿಯ ಮೇಲೆ ಕುಸಿದು ಕೂತ. ಚಿಕ್ಕಬಸಪ್ಪನ ಮಗ ಬಸವೇಶನ ಜೊತೆ ಕರೆಂಟು ಕಂಬದ ಕೆಲಸ ಮಾಡುವವನು ಅವನು. ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ, ಒಳಗಿದ್ದ ಚಿಕ್ಕಬಸಪ್ಪನ ಹೆಂಡತಿ ಪುಟ್ಟಬಸಮ್ಮ ಗೋಳೋ ಎಂದಳು. ತಾಂಡವಪುರದ ಬಳಿ ಕಂಬದ ಮೇಲೆಯೇ ಕರೆಂಟು ಹೊಡೆದು ಅವಳ ಮಗ ಲಿಂಗೈಕ್ಯನಾಗಿದ್ದ.

ಹೊಲದಲ್ಲಿ ಅವನನ್ನು ಮಣ್ಣು ಮಾಡಿ ಬಂದ ಮೇಲೆ ಇನ್ನೊಂದು ಸುದ್ದಿ ಬಂತು. ತಪ್ಪು ಸತ್ತವನದೇ ಎಂದು ಮೇಲಿನವರು ತೀರ್ಮಾನಿಸಿದ್ದರು. ಸ್ವಿಚ್ಚಿನ ಬಳಿ ಕೂತಿದ್ದ ನರಸೀಪುರದ ಹುಡುಗ ಕಿರಣ್ ಹಾಗೆ ಹೇಳಿಕೆ ಕೊಟ್ಟಿದ್ದ. ಬಸವೇಶನೇ ಫೋನಿನಲ್ಲಿ ‘ಲೈನ್ ಕ್ಲಿಯರ್’ ಅಂದನಂತೆ, ಕೆಲಸ ಮುಗಿಯಿತೆಂದು ಇವನು ಕರೆಂಟು ಕೊಟ್ಟನಂತೆ.

ಪಕ್ಕದಲ್ಲೇ ನಿಂತಿದ್ದ ಶಿವರಾಜು ಕೇಳಿಸಿಕೊಂಡದ್ದು ಬೇರೆ. ಕಂಬ ಹತ್ತುವವರ ಬಾಯಲ್ಲಿ ಲೈನ್ ಕ್ಲಿಯರ್ ಎಂದರೆ ಕರೆಂಟು ತೆಗೆದಿದೆ, ಹತ್ತಬಹುದು ಎಂದರ್ಥ. ಬಸವೇಶ ಹತ್ತುವ ಮುಂಚೆ ‘ಲೈನ್ ಕ್ಲಿಯರಾ?’ ಎಂದು ಫೋನಿನಲ್ಲಿ ಇನ್ನೊಮ್ಮೆ ಕೇಳಿದ್ದ. ಕಿರಣ್ ಹೂಂ ಅಂದಿದ್ದ.

ಅಂದಿನಿಂದ ಚಿಕ್ಕಬಸಪ್ಪನಿಗೆ ಬಾಯಲ್ಲಿ ಶಿವನಾಮ, ಹೊಟ್ಟೆಯಲ್ಲಿ ಬೆಂಕಿ. ನಂಜುಂಡನ ಮುಂದೆ ಉರಿಯುವ ಕರ್ಪೂರ ಆರಿಸಿ ಆಣೆ ಮಾಡಲಿ ಎಂದು ಹೇಳಿಕಳಿಸಿದ. ಕಿರಣ್ ಅಂಜದೆ ನಂಜನಗೂಡಿಗೆ ಬಂದ. ಬಸವೇಶ ಆ ಮಾತು ಆಡಿದ್ದು ಸುಳ್ಳಲ್ಲವಲ್ಲ.

ಊರಿನ ನಾಲ್ಕು ಜನ ಸುತ್ತ ನಿಂತರು. ಕರ್ಪೂರ ಹತ್ತಿತು.

“ಬಸವೇಶಣ್ಣ ಲೈನ್ ಕ್ಲಿಯರ್ ಅಂದಿದ್ದು ಸತ್ಯ,” ಎಂದು ಕಿರಣ್ ಕೈ ಚಾಚಿದ.

ಚಿಕ್ಕಬಸಪ್ಪ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದ. “ಅದ್ನ ಕನ್ನಡದಲ್ಲಿ ಯೋಳಪ್ಪ.”

“ಅದುಕ್ಕೆ ಕನ್ನಡ ಇಲ್ಲ ಯಜಮಾನ್ರೇ. ಎಲ್ರೂ ಅಂಗೇ ಅನ್ನದು.”

“ನನ್ ಮಗ ಇಂಗ್ಲಿಷ್ ಓದ್ದೋನಲ್ಲ. ಅವನ್ ಬಾಯಿಗ್ ಬಂದ್ಮೇಲೆ ಅದೂ ಕನ್ನಡವೇ. ಕೆಲ್ಸ ಮುಗೀತು ಅಂದ್ನೋ, ಕರೆಂಟ್ ತೆಗ್ದಿದ್ದೀರಾ ಅಂತ ಕೇಳುದ್ನೋ? ಅಷ್ಟು ಯೋಳ್ಬುಟ್ಟು ಆರ್ಸು.”

ಕಿರಣ್ ಕೈ ಬಿಡಿಸಿಕೊಳ್ಳಲು ನೋಡಿದ. ಆ ಒದ್ದಾಟ ಮುದುಕನಿಗೆ ಹಿತವೆನಿಸಿತು. ಬಿಡಲಿಲ್ಲ.

“ಕೇಳುದ್ರು,” ಎಂದ ಕಿರಣ್. “ನಾನು ಅರ್ಧ ಕೇಳಿಸ್ಕಂಡು ಸ್ವಿಚ್ ಆಕ್ಬುಟ್ಟೆ. ಕೆಲ್ಸ ಓಯ್ತದೆ ಅಂತ ಅಂಗೆ ಬರ್ಕೊಟ್ಟೆ.”

“ಇನ್ನೊಂದ್ಸಲ. ಎಲ್ರಿಗೂ ಕೇಳಂಗೆ.”

ಹುಡುಗ ಹೇಳಿದ. ಶಿವರಾಜು ಮೊಬೈಲಿನಲ್ಲಿ ಹಿಡಿದುಕೊಂಡ. ಸಾಕು ಬಿಡಿ, ಅವನಿಗೂ ತಾಯಿ ಇದ್ದಾಳೆ ಎಂದು ಪುಟ್ಟಬಸಮ್ಮ ಸೆರಗಿನೊಳಗೆ ಅತ್ತಳು. ಇದ್ದರೆ ಅವಳೂ ಅಳಲಿ ಎಂದುಬಿಟ್ಟ ಚಿಕ್ಕಬಸಪ್ಪ. ನಾಳೆಯೇ ಮೇಲಿನವರಿಗೆ ಇದನ್ನು ಮುಟ್ಟಿಸಿ, ಇವನ ಕೆಲಸ ಹೋಗುವವರೆಗೂ ಅಲ್ಲಿಂದ ಕದಲಬೇಡ ಎಂದು ಶಿವರಾಜುವಿಗೆ ಹೇಳಿದ. ಕಿರಣ್ ಕಾಲಿಗೆ ಬಿದ್ದಾಗ ಪಾದ ಹಿಂದೆಳೆದುಕೊಂಡ.

ಆಮೇಲೆ ಗುಡಿಯ ಕಡೆ ತಿರುಗಿ ಕೈ ಮುಗಿದ.

“ನಂಜುಂಡಪ್ಪ, ಇವನ್ನ ಕ್ಷಮಿಸು ಅಂತ ನನ್ನ ಕೇಳ್ಬ್ಯಾಡ. ನನ್ನೊಳಗಿನ ನಂಜು ನನಗೇ ಇರ್ಲಿ. ನನ್ ಮಗ ತಪ್ಪು ಮಾಡ್ದೆ ನಿನ್ತಾವ್ಕೆ ಬಂದವ್ನೆ. ಅವನ್ನ ನಿನ್ ಪಾದದಲ್ಲಿ ಮಡಿಕೋ. ಅವನ ಜೀವಕ್ಕೆ ಶಾಂತಿ ಕೊಡು, ನನ್ನಪ್ಪಾ.”